ಆಲ್ಡಿತ್ ಯಾರಿಗಾಗಿ ಕೂತಿದ್ದಾಳೆ

ಅಕ್ಟೋಬರ್ ೧೪, ಮಂಗಳವಾರ

‘ಅವನು ಬರುವ ಹೊತ್ತಾಯಿತು, ದೀಪವಿನ್ನೂ ಹಚ್ಚಿಲ್ಲ.’ ಇದರ ಮುಂದಿನ ಸಾಲು ನೆನಪಾಗುತ್ತಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಆಗ ಮರುಗುತ್ತ ಒಪ್ಪಿಸಿದ್ದೆ. ಇವತ್ತು ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕುವಾಗ ಸಿಟ್ಟು ಬಂತು. ಹಚ್ಚಿಲ್ಲ ಅಂದರೆ ಯಾಕೆ ಹಚ್ಚಿಲ್ಲ? ಎಣ್ಣೆ ಇರಲಿಲ್ಲವೆ? ಕೈ ಇರಲಿಲ್ಲವೆ? ಬೆಳಗಿನಿಂದ ಗೋಪುರದ ಕೋಣೆಯಲ್ಲಿ ಕೂತವಳಿಗೆ ಬೇರೆ ಏನು ಘನಂದಾರಿ ಕೆಲಸವಿತ್ತು? ನೂರೈವತ್ತು ವರ್ಷಗಳಿಂದ ಜನ ಈ ಸಾಲಿಗೆ ನಿಟ್ಟುಸಿರು ಬಿಟ್ಟಿದ್ದಾರೆ. ಒಬ್ಬರೂ ಇದನ್ನು ಕೇಳಿದಂತಿಲ್ಲ.

ನಾನು ಕೇಳುತ್ತೇನೆ. ನನ್ನ ಪ್ರಬಂಧದ ತಿರುಳೇ ಅದು. ಈಗ ಯಾರೂ ಓದದ ಒಬ್ಬ ಪಾದ್ರಿ ಕವಿ ಬರೆದ ಕಥನಕಾವ್ಯ. ಅದರ ನಾಯಕಿ ಆಲ್ಡಿತ್, ಗಿರಣಿಯವನ ಮಗಳು. ಒಬ್ಬ ಸರದಾರ ಅವಳನ್ನು ತನ್ನ ಗೋಪುರಕ್ಕೆ ಕರೆತಂದು, ‘ಕಾಯುತ್ತಿರು’ ಎಂದು ಹೇಳಿ ಯುದ್ಧಕ್ಕೆ ಹೋಗುತ್ತಾನೆ. ಅವಳು ಕಾಯುತ್ತಾಳೆ, ಸೊರಗುತ್ತಾಳೆ, ಸಾಯುತ್ತಾಳೆ. ಸ್ಟ್ರದರ್ಸ್ ಎಂಬ ಚಿತ್ರಕಾರ ಅವಳನ್ನು ಬರೆದ ದೊಡ್ಡ ಚಿತ್ರ ನಮ್ಮೂರಿನ ಗ್ಯಾಲರಿಯಲ್ಲಿದೆ. ಮುಂದಿನ ತಿಂಗಳು ಆ ಗೋಡೆಗೆ ಹೊಸ ಬಣ್ಣ, ಚಿತ್ರದ ಪಕ್ಕದಲ್ಲಿ ಹೊಸ ವಿವರಣೆಯ ಫಲಕ. ಅದನ್ನು ಬರೆಯಲು ನನ್ನನ್ನು ಕೇಳಿದ್ದಾರೆ. ಒಂದು ಉಪನ್ಯಾಸವನ್ನೂ ಕೊಡಬೇಕು. ನಲವತ್ತೆಂಟನೇ ವಯಸ್ಸಿನಲ್ಲಿ, ಶಾಲೆಯ ಕೆಲಸ ಬಿಟ್ಟು ಮತ್ತೆ ವಿದ್ಯಾರ್ಥಿನಿಯಾದವಳಿಗೆ ಇದು ಸಣ್ಣ ಮಾತಲ್ಲ.

ಇಂಥ ಹೊತ್ತಿಗೇ, ಚಿಕ್ಕಮ್ಮ ನನಗೆ ಬಿಟ್ಟುಹೋದ ಈ ಮನೆಗೆ ಭಾನುವಾರ ತಂಗಿ ಗೇನರ್ ಬಂದು ಇಳಿದಿದ್ದಾಳೆ. ಹಲ್ ಪಟ್ಟಣದಿಂದ, ಒಂದೇ ಚೀಲ ಹಿಡಿದುಕೊಂಡು. ಗಂಡ ಕ್ಲೈವ್‌ನನ್ನು ಬಿಟ್ಟು ಬಂದಳಂತೆ. ಮಣಿಕಟ್ಟಿನ ಸುತ್ತ ನೀಲಿಗಟ್ಟಿದೆ. ಕಾರಿನ ಬಾಗಿಲಿಗೆ ಸಿಕ್ಕಿತಂತೆ. ಬಂದವಳ ಮೊದಲ ಮಾತು, ‘ಕ್ಲೈವ್‌ಗೆ ಈ ಮನೆ ಎಲ್ಲಿದೆ ಅಂತ ಗೊತ್ತಿಲ್ಲ ಅಲ್ವಾ? ಹೇಳ್ಬೇಡ ಬೆವ್. ಏನೇ ಆದ್ರೂ ಹೇಳ್ಬೇಡ.’

ಚಿಕ್ಕಂದಿನಲ್ಲೂ ಹೀಗೆಯೇ. ಮೊಣಕಾಲು ತರಚಿದರೆ ಊರಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದಳು.

ಅಕ್ಟೋಬರ್ ೧೭, ಶುಕ್ರವಾರ

ಬೆಳಗ್ಗೆಯೆಲ್ಲ ಗ್ಯಾಲರಿಯಲ್ಲಿದ್ದೆ. ನನ್ನ ಕ್ರಮ ಸರಳ: ಮೊದಲು ಕಣ್ಣು, ಆಮೇಲೆ ಪುಸ್ತಕ. ಚಿತ್ರದಲ್ಲಿರುವ ಒಂದೊಂದು ವಸ್ತುವನ್ನೂ ಬರೆದುಕೊಂಡು, ಆ ಕಾಲದವರು ಅದಕ್ಕೆ ಕೊಡುತ್ತಿದ್ದ ಅರ್ಥವನ್ನು ಎದುರಿಗೆ ಬರೆಯುವುದು. ಆ ಕಾಲದ ಚಿತ್ರದಲ್ಲಿ ಯಾವ ವಸ್ತುವೂ ಸುಮ್ಮನೆ ಇರುವುದಿಲ್ಲ. ಕುರ್ಚಿಯೂ ಸಾಕ್ಷಿ ಹೇಳುತ್ತದೆ.

ಪಂಜರದ ಬಾಗಿಲು ತೆರೆದಿದೆ, ಹಕ್ಕಿ ಒಳಗೇ ಕೂತಿದೆ. ಅರ್ಥ: ಹೋಗಬಹುದಿತ್ತು, ಹೋಗಲಿಲ್ಲ. ಮಡಿಲಲ್ಲಿ ಸಿಕ್ಕುಬಿದ್ದ ಕೆಂಪು ನೂಲು: ಮುಗಿಸದ ಕೆಲಸ, ಮೈಗಳ್ಳತನ. ಹೂಜಿಯಲ್ಲಿ ಬಾಡಿದ ಲಿಲಿ: ಮಾಸಿದ ನಿರ್ಮಲತೆ. ಕಿಟಕಿಯ ಕಟ್ಟೆಯ ಮೇಲೆ ಆರಿದ ದೀಪ. ಒಂದು ಕಾಲಿನಲ್ಲಿ ಪಾದರಕ್ಷೆ ಇದೆ, ಇನ್ನೊಂದು ಬಾಗಿಲ ಬಳಿ ಬಿದ್ದಿದೆ. ಬರಿಗಾಲು ಅಂದರೆ ಶೀಲಗೆಟ್ಟವಳು ಎಂದು ಆ ಕಾಲದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಮುಖ ಮಾತ್ರ ಅರ್ಧ ಆ ಕಡೆ ತಿರುಗಿದೆ. ವಿರಹ ಎನ್ನುತ್ತಾರೆ. ಸೋಗು ಎನ್ನುತ್ತೇನೆ ನಾನು. ಯಾರೋ ನೋಡುತ್ತಿದ್ದಾರೆಂದು ಗೊತ್ತಿದ್ದೇ ಹೀಗೆ ಕೂತಿದ್ದಾಳೆ ಈ ಮಹಾರಾಯ್ತಿ.

ಸಂಜೆ ಮನೆಗೆ ಬಂದರೆ ಇಲ್ಲೊಂದು ಚಿತ್ರಪಟ. ಮುಂದಿನ ಕೋಣೆಯಲ್ಲಿ ಕತ್ತಲು. ನಮ್ಮ ಅತಿಥಿ ಪರದೆ ಎಳೆದುಕೊಂಡು, ದೀಪವನ್ನೂ ಹಾಕದೆ, ಬಾಗಿಲಿಗೆ ಮುಖ ಮಾಡಿ ಕೂತಿದ್ದಾಳೆ. ಕಾಲಲ್ಲಿ ಬೂಟು.

‘ಚಿಕ್ಕಮ್ಮನ ಮನೆ ಕಾರ್ಪೆಟ್ಟು ಇದು. ಬೂಟು ಬಿಚ್ಚೋಕೆ ಏನು ಕಷ್ಟ ನಿಂಗೆ?’

‘ಕಾಲು ತಣ್ಣಗಾಗತ್ತೆ ಬೆವ್.’

‘ಬೆಳಗ್ಗೆಯಿಂದ ಏನು ಮಾಡ್ದೆ?’

‘ಏನೂ ಇಲ್ಲ. ಕೂತಿದ್ದೆ.’

ನೋಡಿ. ಇದನ್ನು ಯಾವ ಪುಸ್ತಕದಲ್ಲೂ ಹುಡುಕಬೇಕಾಗಿಲ್ಲ.

ಅಕ್ಟೋಬರ್ ೨೧, ಮಂಗಳವಾರ

ನನ್ನ ಮಾರ್ಗದರ್ಶಕಿ ಡಾ. ಕ್ರಾಸ್ಕ್ ಅವರ ಭೇಟಿ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮೊದಲ ಅಧ್ಯಾಯದ ಅಂಚಿನ ತುಂಬ ಪೆನ್ಸಿಲ್ ಗೀಚು.

‘ಬೆವರ್ಲಿ, ಚೆನ್ನಾಗಿ ಬರೆದಿದೀರಿ. ಆದ್ರೆ ನಿಮಗೆ ಇವಳನ್ನ ಕಂಡ್ರೆ ಆಗಲ್ಲ.’

‘ಇಷ್ಟಪಡೋದು ನನ್ನ ಕೆಲಸ ಅಲ್ವಲ್ಲ.’

‘ಅಲ್ಲ. ಆದ್ರೆ ಸರ್ಕಾರಿ ವಕೀಲರ ಥರ ಬರೆದಿದೀರಿ. ಹಕ್ಕಿ ಹಾರ್ಲಿಲ್ಲ, ನೂಲು ಬಿಡಿಸ್ಲಿಲ್ಲ, ದೀಪ ಹಚ್ಚಲಿಲ್ಲ. ಆರೋಪಗಳ ಪಟ್ಟಿ. ಅವಳು ಏನು ಮಾಡ್ಲಿಲ್ಲ ಅಂತ ಬರೆದಿದೀರಿ. ಚಿತ್ರದಲ್ಲಿ ಏನು ಮಾಡ್ತಾ ಇದಾಳೆ?’

‘ಏನೂ ಇಲ್ಲ. ಕೂತಿದಾಳೆ.’

‘ಯಾರಿಗಾಗಿ?’

‘ಅವನಿಗಾಗಿ. ಕಾವ್ಯದಲ್ಲೇ ಇದೆಯಲ್ಲ.’

‘ಕಾವ್ಯ ಬರೆದಿದ್ದು ಪಾದ್ರಿ. ಚಿತ್ರ ಬರೆದಿದ್ದು ಬೇರೆಯವನು. ಇನ್ನೊಂದ್ಸಲ ನೋಡ್ಕೊಂಡು ಬನ್ನಿ.’

ನೋಡಿಕೊಂಡು ಬರಬೇಕಂತೆ! ಆ ಚಿತ್ರದ ಮುಂದೆ ನಾನು ಸವೆಸಿದ ನೆಲ ಇವಳ ವಯಸ್ಸಿನಷ್ಟು ಹಳೆಯದು. ನಾನು ಏರಿಗೆಳೆದರೆ ಇವಳು ನೀರಿಗೆಳೆಯುತ್ತಾಳೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉತ್ತರ ಕೊಡುತ್ತ ಬಂದೆ. ಒಂದು ನಿಲ್ದಾಣ ಮುಂದೆ ಇಳಿದೆ.

ಅಕ್ಟೋಬರ್ ೨೩, ಗುರುವಾರ

ಪಕ್ಕದ ಮನೆಯ ಮಿಸೆಸ್ ಹೋಲ್ರಾಯ್ಡ್ ಜೊತೆ ಮತ್ತೆ ಕಸದ ಡಬ್ಬಿಯ ಜಗಳ.

‘ಏನಮ್ಮಾ ಬೆವರ್ಲಿ, ಓದ್ಕೊಂಡವಳು ನೀನು, ಡಬ್ಬಿ ಯಾವ ಕಡೆ ನಿಲ್ಲಿಸ್ಬೇಕು ಅಂತ ಗೊತ್ತಿಲ್ವಾ? ನಾನೇನು ಬೇಲಿ ಹಾರ್ಕೊಂಡು ಹೋಗ್ಲಾ ಈ ವಯಸ್ಸಲ್ಲಿ?’

‘ಹಾರಿ. ವ್ಯಾಯಾಮ ಆಗತ್ತೆ.’

‘ನಿನ್ನ ನಾಲಿಗೆಗೆ ನಿಮ್ಮ ಚಿಕ್ಕಮ್ಮನೇ ಹೆದರ್ತಿದ್ಲು. ಪಾಪ ಆ ಹುಡುಗಿ ಹೇಗಿದಾಳೋ ನಿನ್ನ ಜೊತೆ.’

ಆ ಹುಡುಗಿಗೆ ನಲವತ್ತನಾಲ್ಕು. ನನಗೆ ಹೇಳದೆ ಹಿಂದಿನ ಅಂಗಳದಿಂದ ಹೋಗಿ ಈ ಮುದುಕಿಯ ಜೊತೆ ಚಹಾ ಕುಡಿಯುತ್ತಾಳೆಂದು ಈಗ ತಿಳಿಯಿತು. ನನ್ನ ಎದುರು ಮೌನವ್ರತ, ಅಲ್ಲಿ ಮಾತು. ಗೋಡೆಯಾಚೆ ಅವಳ ದನಿ ಒಂದೇ ಸಮನೆ ಕೇಳುತ್ತದೆ. ಶಬ್ದಗಳು ತಿಳಿಯುವುದಿಲ್ಲ. ಒಮ್ಮೆ ಮುದುಕಿ ‘ದೇವರೇ’ ಅಂದದ್ದು ಮಾತ್ರ ಕೇಳಿಸಿತು.

ಅಕ್ಟೋಬರ್ ೨೭, ಸೋಮವಾರ

ಏನೂ ಬರೆಯಲಿಲ್ಲ. ಸೋಫಾದ ಮೇಲೂ ಬೂಟು.

ನವೆಂಬರ್ ೧, ಶನಿವಾರ

ಸಿಕ್ಕಿತು! ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದು.

ಗೋಡೆಗೆ ಬಣ್ಣ ಬಳಿಯಲು ಚಿತ್ರವನ್ನು ಕೆಳಗಿಳಿಸಿ, ಕಿಟಕಿಯ ಪಕ್ಕ ಒರಗಿಸಿದ್ದರು. ಮೊದಲ ಸಲ ಅದನ್ನು ಹಗಲಿನ ಬೆಳಕಿನಲ್ಲಿ, ನನ್ನ ಕಣ್ಣಿನ ಮಟ್ಟದಲ್ಲಿ ನೋಡಿದೆ. ಭೂತಗನ್ನಡಿ ಹಿಡಿದು ಮೂಲೆ ಮೂಲೆ ಸುತ್ತಿದೆ. ಅವಳ ಹಿಂದಿರುವ ಬಾಗಿಲ ಮೇಲೆ ಒಂದು ಕಂದು ಗೆರೆ ಇದೆ. ಎಲ್ಲರೂ ಅದನ್ನು ಮರದ ಪಟ್ಟಿ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಪಟ್ಟಿಯಲ್ಲ, ಕಬ್ಬಿಣದ ಚಿಲಕ. ಬಲವಾಗಿ ಎಳೆದು ಹಾಕಿದೆ. ಒಳಗಿನಿಂದ.

ಅಂದರೆ ಅವಳನ್ನು ಯಾರೂ ಕೂಡಿಹಾಕಿಲ್ಲ. ಚಿಲಕ ಅವಳಿಂದ ನಾಲ್ಕೇ ಹೆಜ್ಜೆ ದೂರದಲ್ಲಿದೆ. ತಾನೇ ಹಾಕಿಕೊಂಡು, ತಾನೇ ಬಂದಿಯಾಗಿ, ಲೋಕವೆಲ್ಲ ಅಯ್ಯೋ ಅನ್ನಲಿ ಎಂದು ಕೂತಿದ್ದಾಳೆ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಫಲಕದ ಮೊದಲ ವಾಕ್ಯ ಅಲ್ಲೇ ಹೊಳೆಯಿತು: ‘ಈ ಸೆರೆಮನೆಗೆ ಕಾವಲುಗಾರನಿಲ್ಲ.’

ಇನ್ನೂ ಒಂದು ವಿಷಯ ಕಂಡಿತು. ನೂಲು ಮಡಿಲಲ್ಲಿ ಸುಮ್ಮನೆ ಸಿಕ್ಕಾಗಿಲ್ಲ. ಅವಳ ಎಡಗೈ ಅದನ್ನು ಬಿಗಿಯಾಗಿ ಹಿಡಿದಿದೆ, ಗೆಣ್ಣುಗಳು ಬಿಳಿಚಿಕೊಂಡಿವೆ. ಇದಕ್ಕೆ ಪುಸ್ತಕದಲ್ಲಿ ಅರ್ಥವಿಲ್ಲ. ಬಿಟ್ಟುಬಿಟ್ಟೆ.

ಖುಷಿಯಲ್ಲಿ ಬರುವಾಗ ಮೀನು-ಚಿಪ್ಸ್ ಕಟ್ಟಿಸಿಕೊಂಡು ಬಂದೆ. ಮುಂಬಾಗಿಲು ತೆರೆಯಲಿಲ್ಲ. ಬೀಗದಕೈ ತಿರುಗಿತು, ಬಾಗಿಲು ಅಲ್ಲಾಡಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಮಳೆಯಲ್ಲಿ ನಿಂತು ಬಡಿದೆ.

‘ಯಾರು?’

‘ಇನ್ಯಾರು? ಈ ಮನೆ ಯಜಮಾನಿ!’

‘ಹೆಸರು ಹೇಳು.’

‘ಗೇನರ್, ತೆಗಿ ಬಾಗಿಲು! ಮೀನು ತಣ್ಣಗಾಗ್ತಿದೆ!’

ತೆರೆದಳು. ಮುಖ ಬೆಳ್ಳಗಾಗಿತ್ತು. ‘ಕ್ಷಮಿಸು,’ ಅಂದಳು. ‘ಸದ್ದು ಆಗ್ತಿತ್ತು.’ ಆಮೇಲೆ ಇಬ್ಬರೂ ಕೂತು ತಿಂದೆವು. ಅವಳು ತಿನ್ನಲಿಲ್ಲ ಅನ್ನಬೇಕು.

ನವೆಂಬರ್ ೫, ಬುಧವಾರ

ಬೆಂಕಿಹಬ್ಬ. ಬೀದಿಯ ಕೊನೆಯ ಬಯಲಿನಲ್ಲಿ ಸೌದೆ ಒಟ್ಟಿ, ಗೊಂಬೆ ಕೂರಿಸಿ ಸುಟ್ಟರು. ಮಿಸೆಸ್ ಹೋಲ್ರಾಯ್ಡ್ ಓಟ್‌ಹಿಟ್ಟಿನ ಪಾರ್ಕಿನ್ ಕೇಕು ತಂದುಕೊಟ್ಟಳು. ‘ನಿನಗಲ್ಲ, ಅವಳಿಗೆ,’ ಅಂತ ಒತ್ತಿ ಹೇಳಿ.

ಮೊದಲ ಪಟಾಕಿ ಸಿಡಿದದ್ದೇ ಗೇನರ್ ಕಾಣಿಸಲಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪೊರಕೆ-ಬಕೆಟ್ಟುಗಳ ನಡುವೆ ಮುದುಡಿ ಕೂತಿದ್ದಳು. ಕಿವಿ ಮುಚ್ಚಿಕೊಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದಳು, ಎರಡೂ ಕೈಯಿಂದ.

‘ಇದೇನೇ ಇದು, ನಾಯಿ ಥರ? ನಾಳೆ ನನ್ನ ಉಪನ್ಯಾಸ ಇದೆ. ಇವತ್ತಾದ್ರೂ ಸ್ವಲ್ಪ ನೆಟ್ಟಗಿರೋಕೆ ಆಗಲ್ವಾ?’

‘ನೀನು ಹೋಗಿ ಓದ್ಕೋ ಬೆವ್. ಇದು ನಿಂತ್ಮೇಲೆ ಬರ್ತೀನಿ.’

ಹೋದೆ. ಓದಿದೆ. ಒಂದೇ ಪುಟವನ್ನು ಮತ್ತೆ ಮತ್ತೆ. ಶಬ್ದ ನಿಂತು ಬಹಳ ಹೊತ್ತಾದರೂ ಗೂಡಿನ ಬಾಗಿಲು ತೆರೆದ ಸದ್ದಾಗಲಿಲ್ಲ. ಕೊನೆಗೆ ನಾನೇ ಎದ್ದು ಒಂದು ಕಂಬಳಿ ಒಳಗೆ ನೂಕಿ ಬಂದೆ. ಇಲ್ಲದಿದ್ದರೆ ನೆಗಡಿ ಹಿಡಿಸಿಕೊಂಡು ಅದನ್ನೂ ನನ್ನ ತಲೆಗೆ ಕಟ್ಟುತ್ತಾಳೆ.

ನವೆಂಬರ್ ೬, ಗುರುವಾರ

ಕ್ರಮವಾಗಿ ಬರೆಯುತ್ತೇನೆ.

ಕುರ್ಚಿಗಳು ತುಂಬಿದ್ದವು. ಹೊಸ ಗೋಡೆಯ ಗಾಢ ಹಸಿರಿನ ಮೇಲೆ ಆಲ್ಡಿತ್ ಉರಿಯುವ ಹಾಗೆ ಕಾಣುತ್ತಿದ್ದಳು. ಹಕ್ಕಿ, ನೂಲು, ಲಿಲಿ, ದೀಪ, ಪಾದರಕ್ಷೆ, ಎಲ್ಲವನ್ನೂ ಒಂದೊಂದಾಗಿ ಕಟಕಟೆಗೆ ಹತ್ತಿಸಿದೆ. ಕಡೆಯಲ್ಲಿ ಚಿಲಕ. ‘ಈ ಸೆರೆಮನೆಗೆ ಕಾವಲುಗಾರನಿಲ್ಲ’ ಎಂದಾಗ ಯಾರೋ ‘ಓಹ್’ ಅಂದರು.

ಪ್ರಶ್ನೆಯ ಸಮಯದಲ್ಲಿ ಕ್ರಾಸ್ಕ್ ಎದ್ದು ನಿಂತಳು. ಎಲ್ಲರ ಎದುರಿಗೆ.

‘ಚಿಲಕ ಕಂಡುಹಿಡಿದಿದ್ದಕ್ಕೆ ಅಭಿನಂದನೆ. ನನ್ನದು ಒಂದೇ ಪ್ರಶ್ನೆ. ಒಳಗಿನಿಂದ ಚಿಲಕ ಹಾಕಿದಾಳೆ ಅಂದ್ರೆ, ಯಾರೋ ಒಳಗೆ ಬರಬಾರದು ಅಂತ ಅಲ್ವಾ? ಅವನು ಬರೋ ಹೊತ್ತಾಗಿದೆ. ದೀಪ ಹಚ್ಚಿದ್ರೆ ಇದಾಳೆ ಅಂತ ಗೊತ್ತಾಗತ್ತೆ. ಬಾಗಿಲ ಹತ್ರ ಇರೋ ಚಪ್ಪಲಿ, ಚಿಲಕ ಹಾಕೋಕೆ ಓಡಿದಾಗ ಬಿದ್ದಿದ್ದಿರಬಾರದಾ?’

ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ನಕ್ಕೆ.

‘ಡಾ. ಕ್ರಾಸ್ಕ್, ಅವಳು ಅವನಿಗೆ ಮನಸ್ಸು ಕೊಟ್ಟೇ ಗೋಪುರಕ್ಕೆ ಬಂದವಳು. ಮನಸ್ಸು ಕೊಟ್ಟವನಿಗೆ ಹೆದರಿ ಯಾರಾದ್ರೂ ಬಾಗಿಲು ಹಾಕ್ಕೋತಾರಾ? ನಿಮಗಿನ್ನೂ ಚಿಕ್ಕ ವಯಸ್ಸು.’

ಜನ ನಕ್ಕರು. ಕೆಲವರು ಚಪ್ಪಾಳೆ ತಟ್ಟಿದರು. ಗೆದ್ದೆ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಹಿಂದಿನ ಸಾಲಿನಲ್ಲಿದ್ದ. ಕ್ಲೈವ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಿಳಿ ಲಿಲಿಯ ದೊಡ್ಡ ಗೊಂಚಲು.

‘ಪೇಪರ್‌ನಲ್ಲಿ ನಿನ್ನ ಫೋಟೋ ನೋಡ್ದೆ ಬೆವ್. ಅಷ್ಟು ದೂರದಿಂದ ಬಂದಿದ್ದು ಸಾರ್ಥಕ ಆಯ್ತು. ಏನು ಮಾತಾಡ್ತೀಯಾ! ನಮ್ಮವಳ ಬಗ್ಗೆನೇ ಹೇಳ್ದಂಗಿತ್ತು.’

‘ನಂಗೂ ಹಾಗೇ ಅನ್ನಿಸ್ತಿತ್ತು,’ ಅಂದೆ.

‘ಹೇಗಿದಾಳೆ? ನನ್ನ ಮೇಲೆ ಮುನಿಸಿಕೊಂಡಿದಾಳೆ. ಸಣ್ಣ ಮಾತಿಗೆ. ನಿಂಗೆ ಗೊತ್ತಲ್ಲ ಅವಳ ನಾಟಕ. ಒಂದ್ಸಲ ಎದುರಿಗೆ ಕೂತು ಮಾತಾಡಿದ್ರೆ ಎಲ್ಲ ಸರಿಹೋಗತ್ತೆ.’

ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಕಿವಿಯಲ್ಲಿ ಇನ್ನೂ ಚಪ್ಪಾಳೆ ಇತ್ತು. ಅವಳು ನನ್ನ ಮನೆಯಲ್ಲೇ ಇದ್ದಾಳೆ ಅಂದೆ. ಮಿಲ್ ಬ್ಯಾಂಕ್ ಬೀದಿ, ಹಸಿರು ಬಾಗಿಲು, ಅಂದೆ. ನಾಳೆ ಮಧ್ಯಾಹ್ನ ಬಾ, ನಾನೂ ಇರುತ್ತೇನೆ, ಗಂಡ ಹೆಂಡತಿ ಮಾತಾಡಿ ಬಗೆಹರಿಸಿಕೊಳ್ಳಿ, ಅಂದೆ. ಅವನು ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದ. ‘ಇದನ್ನ ಇವತ್ತೇ ಅವಳಿಗೆ ಕೊಟ್ಟುಬಿಡು,’ ಎಂದು ಹೂ ಕೊಟ್ಟ.

ಬಸ್ಸಿನಲ್ಲಿ ಹೂವಿನ ಘಾಟಿಗೆ ಪಕ್ಕದವರು ಎದ್ದು ಹೋದರು. ಬಿಳಿ ಲಿಲಿ ಎಂದರೆ ನಿರ್ಮಲತೆ, ಮತ್ತೆ ಮೊದಲಿನಿಂದ ಆರಂಭಿಸುವ ಮನಸ್ಸು. ಗೇನರ್‌ಗೆ ಹೀಗೆ ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡೆ.

ಅಡುಗೆಮನೆಯಲ್ಲಿ ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ನನ್ನ ಉಪನ್ಯಾಸದ ದಿನವೆಂದು ಏನೋ ವಿಶೇಷ ಮಾಡುತ್ತಿದ್ದಳು. ಹೂ ನೋಡಿದಳು. ಚಾಕು ಕೆಳಗಿಟ್ಟಳು. ಮೆಲ್ಲಗೆ, ಸದ್ದಾಗದ ಹಾಗೆ.

‘ಹೇಳಿದ್ಯಾ?’

‘ಒಂದ್ಸಲ ಕೂತು ಮಾತಾಡು ಗೇನರ್. ಅತ್ತ ಅವನು. ನನ್ನ ಕಣ್ಣಾರೆ ನೋಡ್ದೆ.’

‘ಮನೆ ಹೇಳಿದ್ಯಾ?’

‘ನಾಳೆ ಬರ್ತಾನೆ. ನಾನೂ ಇರ್ತೀನಲ್ಲ.’

ಅವಳು ಅಳಲಿಲ್ಲ. ಅಳುತ್ತಾಳೆಂದು ಕಾದೆ. ಬಂದು ಹೂವನ್ನು ಒಂದು ಬೆರಳಿನಿಂದ ಮುಟ್ಟಿದಳು.

‘ನಿಂಗೆ ಹೂವು ಓದೋಕೆ ಬರತ್ತಲ್ಲ. ಇದನ್ನ ಹೇಗೆ ಓದ್ದೆ?’

ನಾನು ಗೊಂಚಲನ್ನು ಮೇಜಿನ ಮೇಲಿಟ್ಟೆ. ಜೋಡಿಸಿಕೊಂಡ ವಾಕ್ಯವನ್ನು ಬಿಟ್ಟುಬಿಟ್ಟೆ.

‘ಮದುವೆ ಆದಾಗಿಂದ ಇದೇ ಹೂವು ಬೆವ್. ಪಕ್ಕೆಲುಬು ಮುರಿದಾಗ್ಲೂ ಇದೇ, ಹಲ್ಲು ಹೋದಾಗ್ಲೂ ಇದೇ. ಯಾವಾಗ್ಲೂ ಆಮೇಲೆ ತರ್ತಿದ್ದ.’ ಅವಳು ಕೈಯನ್ನು ಒರೆಸಿಕೊಂಡಳು. ‘ಈ ಸಲ ಮೊದಲೇ ಕಳಿಸಿದಾನೆ.’

ನವೆಂಬರ್ ೭, ಶುಕ್ರವಾರ

ಬೆಳಗ್ಗೆ ಎದ್ದಾಗ ಗೇನರ್ ಇರಲಿಲ್ಲ. ಹಾಸಿಗೆ ಮಡಿಸಿತ್ತು. ಚೀಲ ಇರಲಿಲ್ಲ. ಹಿಂಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಚ್ಚಿತ್ತು. ಕೋಟು ಮಾತ್ರ ಗೂಟದಲ್ಲೇ ನೇತಾಡುತ್ತಿತ್ತು. ಮುಂಬಾಗಿಲ ಹತ್ತಿರಕ್ಕೂ ಬಾರದೆ ಹೋಗಿದ್ದಾಳೆ. ಹೊರಗೆ ಗಟ್ಟಿ ಹಿಮ.

ಬಸ್ ನಿಲ್ದಾಣಕ್ಕೆ ಹೋದೆ. ರೈಲು ನಿಲ್ದಾಣಕ್ಕೆ ಹೋದೆ. ಫೋನು ಎತ್ತುತ್ತಿಲ್ಲ.

ಮಧ್ಯಾಹ್ನ ಅಂದಿದ್ದೆ, ಅವನು ಹನ್ನೊಂದಕ್ಕೇ ಬಂದ. ಚಿಲಕ ಹಾಕಿತ್ತು. ಹಾಕಿದ್ದು ನಾನೇ. ಅವನು ಬಡಿಯಲಿಲ್ಲ, ಬೆರಳ ತುದಿಯಿಂದ ತಟ್ಟುತ್ತಲೇ ಇದ್ದ, ಸಂಗೀತಕ್ಕೆ ತಾಳ ಹಾಕುವವರ ಹಾಗೆ. ‘ಬೆವ್, ಒಳಗಿದೀಯಾ ಅಂತ ಗೊತ್ತು.’ ಬೀದಿಯವರೆಲ್ಲ ನೋಡುತ್ತಾರೆ ಅನ್ನಿಸಿತು. ತೆರೆದೆ. ತೆರೆಯಬಾರದಿತ್ತು.

‘ಅವಳಿಲ್ಲ. ಎಲ್ಲಿ ಹೋದಳೋ ನಂಗೆ ಗೊತ್ತಿಲ್ಲ.’

‘ಅಯ್ಯೋ ಬೆವ್. ನೀನು ಸುಳ್ಳು ಹೇಳೋಳಲ್ಲ. ಅದಕ್ಕೇ ನಿನ್ನನ್ನ ಕಂಡ್ರೆ ನಂಗೆ ಇಷ್ಟ.’

ಒಂದೊಂದು ಕೋಣೆಗೂ ಹೋದ. ಹೋದಲ್ಲೆಲ್ಲ ದೀಪ ಹಾಕಿದ. ಬೀರು ತೆರೆದ, ಮಂಚದ ಕೆಳಗೆ ಬಗ್ಗಿ ನೋಡಿದ. ಮೆಟ್ಟಿಲ ಕೆಳಗಿನ ಗೂಡನ್ನು ತೆರೆದು ಒಳಗೆ ಕಂಬಳಿ ಕಂಡಾಗ ನಕ್ಕ. ಯಾವುದನ್ನೂ ಒಡೆಯಲಿಲ್ಲ. ಕಡೆಗೆ ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಮುಖ ಮಾಡಿರುವ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ‘ಕಾಯ್ತೀನಿ,’ ಅಂದ. ‘ಚಹಾ ಮಾಡ್ತೀಯಾ?’

ಚಹಾ ಮಾಡಿದೆ. ಅಡುಗೆಮನೆಯಲ್ಲಿ ಮಸಿಬಟ್ಟೆಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದೆ. ಹಿಡಿದದ್ದು ಸಡಿಲಿಸಲು ಆಗಲಿಲ್ಲ. ಗೆಣ್ಣುಗಳನ್ನು ನೋಡಿದೆ. ನೋಡುತ್ತ ಎಷ್ಟು ಹೊತ್ತು ನಿಂತೆನೋ.

ಬಟ್ಟಲನ್ನು ಅವನಿಗೆ ಕೊಡಲಿಲ್ಲ. ಫೋನು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತೆ.

‘ಎದ್ದೇಳು. ಪೊಲೀಸರಿಗೆ ಹೇಳಿದೀನಿ.’

‘ಏನಂತ? ಚಹಾ ಕೇಳ್ದ ಅಂತಾನಾ?’

‘ಪಕ್ಕೆಲುಬು ಅಂತ.’

ಅವನ ಮುಖ ಬದಲಾಯಿತು. ಅದನ್ನು ವಿವರಿಸಲಾರೆ. ಎದ್ದು ಬಂದು ನನ್ನ ಮುಂದೆ ನಿಂತ, ಉಸಿರು ತಾಗುವಷ್ಟು ಹತ್ತಿರ. ನಾನು ಕದಲಲಿಲ್ಲ. ‘ಮುದಿ ಟೀಚರ್,’ ಅಂದ. ಹೋದ. ಕಾರಿನ ಬಾಗಿಲು ಹಾಕಿದ ಸದ್ದಿಗೆ ಬಾಯಿ ಮುಚ್ಚಿಕೊಂಡೆ.

ಪೊಲೀಸರಿಗೆ ಆಮೇಲೆ ನಿಜವಾಗಿಯೂ ಫೋನು ಮಾಡಿದೆ. ಬಂದು ಹೋದರು. ದೂರನ್ನು ಅವಳೇ ಕೊಡಬೇಕಂತೆ.

ಮನೆಯ ತುಂಬ ದೀಪ ಉರಿಯುತ್ತಿತ್ತು. ಒಂದೊಂದಾಗಿ ಆರಿಸುತ್ತ ಬಂದೆ. ಕ್ರಾಸ್ಕ್ ಸಂದೇಶ ಕಳಿಸಿದ್ದಳು: ಗ್ಯಾಲರಿಯವರು ಕೇಳುತ್ತಿದ್ದಾರೆ, ಫಲಕದ ಬರಹ ಇವತ್ತೇ ಮುದ್ರಣಕ್ಕೆ ಹೋಗಬೇಕು. ಅದನ್ನು ಕಳಿಸಬೇಡಿ, ತಪ್ಪಾಗಿದೆ ಎಂದು ಬರೆದೆ. ಅಷ್ಟೇ. ಅವಳು ತಾನೇ ಗೆದ್ದೆ ಅಂದುಕೊಳ್ಳಲಿ.

ಕತ್ತಲಾಗುವ ಹೊತ್ತಿಗೆ ಹಿಂಬಾಗಿಲು ತಟ್ಟಿದ ಸದ್ದು. ಮಿಸೆಸ್ ಹೋಲ್ರಾಯ್ಡ್. ಒಳಗೆ ಬರಲಿಲ್ಲ, ಹೊಸಿಲ ಆಚೆಯೇ ನಿಂತಳು.

‘ಅವಳ ಕೋಟು ಕೊಡು.’

ಅವಳೇನು ಹೇಳಿದಳೆಂದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಗೋಡೆಯಾಚೆ. ಅವನು ಕಾಲು ಚಾಚಿ ಕೂತಿದ್ದಾಗ, ಒಂದೇ ಗೋಡೆಯಾಚೆ.

‘ನಿಮ್ಮನೇಲಿದಾಳಾ? ಚೆನ್ನಾಗಿದಾಳಾ? ನಾನು ಬರ್ತೀನಿ, ಒಂದೇ ನಿಮಿಷ...’

‘ಬರ್ಬೇಡ. ನನ್ನ ತಂಗಿ ಮಗ ಕಾರು ತಂದಿದಾನೆ, ಹೊರಡ್ತಿದಾಳೆ. ಕೋಟು.’

ಕೊಟ್ಟೆ. ಜೇಬಿನಲ್ಲಿ ಕೈಗವಸು ಇದೆಯೇ ಎಂದು ನೋಡಿ ಕೊಟ್ಟೆ.

‘ಎಲ್ಲಿಗೆ ಅಂತಾದ್ರೂ ಹೇಳಿ ಮಿಸೆಸ್ ಹೋಲ್ರಾಯ್ಡ್. ನಾನು ಅವಳ ಅಕ್ಕ.’

ಮುದುಕಿ ಕೋಟನ್ನು ಎದೆಗೊತ್ತಿಕೊಂಡು ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

‘ಕೇಳ್ದೆ ಕಣಮ್ಮಾ, ಅಕ್ಕಂಗೆ ಹೇಳ್ಲಾ ಅಂತ. ನಿಂಗೆ ಹೇಳಿದ್ರೆ ಅವನಿಗೆ ಹೇಳಿದ ಹಾಗೇ ಅಂದ್ಲು.’